ಒಂದು ರೂಟರ್, ಹಲವು ಯಂತ್ರಗಳು: ತಂತಿ ಜೋಡಣೆಯಲ್ಲಿ ವರ್ತಕರು ಗಮನಿಸಬೇಕಾದ ಅಂಶಗಳು

ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ಅಂತರ್ಜಾಲ ಸಂಪರ್ಕ: ರಾಜ್ಯದ ಪಟ್ಟಣಗಳ ಸಣ್ಣ ವರ್ತಕರಲ್ಲಿ ಇದು ಸಾಮಾನ್ಯ ವ್ಯವಸ್ಥೆ. ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ಗಣಕಯಂತ್ರಗಳು, ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಹಾಜರಾತಿ ಯಂತ್ರ, ಮನೆಯ ಟಿವಿ ಎಂದು ಲೆಕ್ಕ ಹಾಕಿದರೆ ಆರು ಕೇಬಲುಗಳು ಬೇಕು. ಮನೆಬಳಕೆಯ ರೂಟರಿನಲ್ಲಿರುವುದಾದರೋ ಸಾಮಾನ್ಯವಾಗಿ ನಾಲ್ಕೇ ಲ್ಯಾನ್ ಪೋರ್ಟುಗಳು.

ಉಳಿದವನ್ನು ವೈಫೈಗೆ ಬಿಟ್ಟರಾಯಿತೆಂಬ ಭಾವನೆ ಹಲವರಲ್ಲಿದೆ. ಟಿವಿ, ಮೊಬೈಲುಗಳಿಗೆ ಅದು ಸಾಕು. ಆದರೆ ಎರಡು ಗಣಕಯಂತ್ರಗಳು ಒಂದೇ ಲೆಕ್ಕದ ಕಡತವನ್ನು ತೆರೆದು ಕೆಲಸ ಮಾಡುವೆಡೆ, ನಮೂದಿನ ನಡುವೆ ಸಂಪರ್ಕ ಕಡಿದರೆ ದತ್ತಾಂಶ ಕೆಡುವ ಸಂಭವವುಂಟು. ಪ್ರತಿ ತಿಂಗಳು ಜಿಎಸ್‌ಟಿಆರ್-1 ಸಲ್ಲಿಸುವ ವರ್ತಕರಿಗೆ 10ನೇ ತಾರೀಖಿನ ಸಂಜೆ ಇಂತಹ ತೊಂದರೆ ಎದುರಾದರೆ ಅದರ ಬೆಲೆ ಕೆಲವು ಮೀಟರ್ ಕೇಬಲಿನ ಬೆಲೆಗಿಂತ ಬಹಳ ಹೆಚ್ಚು.

ಇದಕ್ಕೆ ಪರಿಹಾರ ನೆಟ್‌ವರ್ಕ್ ಸ್ವಿಚ್. ಇದು ಗೋಡೆಯ ಮೇಲಿನ ವಿದ್ಯುತ್ ಸ್ವಿಚ್ ಅಲ್ಲ. ಐದು ಅಥವಾ ಎಂಟು ಪೋರ್ಟುಗಳುಳ್ಳ ಚಿಕ್ಕ ಪೆಟ್ಟಿಗೆ. ರೂಟರಿನ ಒಂದು ಲ್ಯಾನ್ ಪೋರ್ಟಿನಿಂದ ಇದಕ್ಕೆ ಕೇಬಲ್ ಎಳೆದು ಯಂತ್ರಗಳನ್ನು ಜೋಡಿಸಿದರೆ ಆಯಿತು. ಸಾಮಾನ್ಯ ಮಾದರಿಗೆ ಯಾವ ಹೊಂದಾಣಿಕೆಯೂ ಬೇಡ. ಖರೀದಿಸುವಾಗ ಒಂದು ಲೆಕ್ಕ ನೆನಪಿರಲಿ. ಜೋಡಣೆಗೆಂದು ಎರಡೂ ಕಡೆ ಒಂದೊಂದು ಪೋರ್ಟು ವ್ಯಯವಾಗುವುದರಿಂದ, ಎಂಟು ಪೋರ್ಟಿನ ಸ್ವಿಚ್ಚಿನಲ್ಲಿ ಏಳು, ರೂಟರಿನಲ್ಲಿ ಮೂರು, ಒಟ್ಟು ಹತ್ತು ಯಂತ್ರಗಳಿಗೆ ಮಾತ್ರ ಅವಕಾಶ. ಒಂದೇ ಕೇಬಲಿನ ಎರಡೂ ತುದಿಗಳನ್ನು ಅದೇ ಸ್ವಿಚ್ಚಿಗೆ ಚುಚ್ಚಬಾರದು. ಇಡೀ ಜಾಲ ಸ್ತಬ್ಧವಾಗಬಹುದು.

ಹಳೆಯ ರೂಟರೊಂದು ಮನೆಯಲ್ಲಿದ್ದರೆ ಅದನ್ನೇ ಬಳಸುವ ಮನಸ್ಸಾಗುವುದು ಸಹಜ. ಅದರ ವ್ಯಾನ್ ಪೋರ್ಟಿಗೆ ಕೇಬಲ್ ಕೊಟ್ಟರೆ ಪ್ರತ್ಯೇಕ ಜಾಲವೇ ಸೃಷ್ಟಿಯಾಗುತ್ತದೆ: ಅಂತರ್ಜಾಲ ಎಲ್ಲರಿಗೂ ದೊರೆಯುತ್ತದೆ, ಆದರೆ ಹಳೆಯ ರೂಟರಿನ ಹಿಂದಿರುವ ಪ್ರಿಂಟರ್ ಉಳಿದವರಿಗೆ ಕಾಣುವುದಿಲ್ಲ. ಲ್ಯಾನ್ ಪೋರ್ಟಿಗೆ ಕೊಟ್ಟರೆ ಇಬ್ಬರು ಯಜಮಾನರು ಯಂತ್ರಗಳಿಗೆ ವಿಳಾಸ ಹಂಚತೊಡಗುತ್ತಾರೆ. ಹಳೆಯದರ ಡಿಎಚ್‌ಸಿಪಿ ಸೌಲಭ್ಯವನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಬದಲಿಸಿ, ಲ್ಯಾನ್ ಪೋರ್ಟುಗಳನ್ನಷ್ಟೇ ಬಳಸುವುದಾದರೆ ಅಡ್ಡಿಯಿಲ್ಲ. ಇಷ್ಟು ಶ್ರಮಕ್ಕಿಂತ ಹೊಸ ಸ್ವಿಚ್ ಕೊಳ್ಳುವುದೇ ಮೇಲು.

ಕೇಬಲ್ ಕ್ಯಾಟ್-5ಇ ಅಥವಾ ಕ್ಯಾಟ್-6 ದರ್ಜೆಯದಾಗಿರಲಿ. ಒಂದು ಎಳೆತ 100 ಮೀಟರ್ ಮೀರಬಾರದು. ಅದರೊಳಗಿನ ಎಂಟು ತಂತಿಗಳಲ್ಲಿ 100 ಎಂಬಿಪಿಎಸ್ ವೇಗಕ್ಕೆ ನಾಲ್ಕು ಸಾಕು, 1,000 ಎಂಬಿಪಿಎಸ್ ವೇಗಕ್ಕೆ ಎಂಟೂ ಬೇಕು. ಹೊಸ ಸ್ವಿಚ್ ಹಾಕಿದರೂ ವೇಗ ನೂರಕ್ಕೇ ನಿಂತರೆ ತುದಿಯ ಜಾಕನ್ನು ಮೊದಲು ಪರೀಕ್ಷಿಸಬೇಕು.

ಯುಪಿಎಸ್ ವಿಷಯದಲ್ಲಿ ವರ್ತಕರು ಸಾಮಾನ್ಯವಾಗಿ ಎಡವುತ್ತಾರೆ. ಗಣಕಯಂತ್ರಗಳು ಯುಪಿಎಸ್ ಮೇಲಿದ್ದು ಸ್ವಿಚ್ ಮಾತ್ರ ನೇರ ವಿದ್ಯುತ್ತಿನಲ್ಲಿದ್ದರೆ, ಕರೆಂಟ್ ಹೋದೊಡನೆ ಯಂತ್ರಗಳು ಉರಿಯುತ್ತಲೇ ಇದ್ದು ಅವುಗಳ ನಡುವಿನ ಕೊಂಡಿ ಕಳಚುತ್ತದೆ. ವೈಫೈ ಬಿಟ್ಟು ತಂತಿ ಎಳೆದದ್ದೇ ವ್ಯರ್ಥ. ಸ್ವಿಚ್ ಮತ್ತು ರೂಟರ್ ಎರಡಕ್ಕೂ ಯುಪಿಎಸ್ ಬೇಕು. ಅವು ಚಾಲನೆಯಲ್ಲಿದ್ದರೆ ಹೊರಗಿನ ಫೈಬರ್ ತುಂಡಾದರೂ ಅಂಗಡಿಯೊಳಗಿನ ಬಿಲ್ಲಿಂಗ್ ನಿಲ್ಲದು, ಏಕೆಂದರೆ ಕಡತ ಓಡಾಡುವುದು ಕಟ್ಟಡದೊಳಗಿನ ತಂತಿಯಲ್ಲೇ. ಪ್ರಿಂಟರಿಗೂ ಮುಖ್ಯ ಗಣಕಯಂತ್ರಕ್ಕೂ ರೂಟರಿನಲ್ಲಿ ಕಾಯಂ ವಿಳಾಸ ಮೀಸಲಿಡುವುದು ಒಳಿತು.

ಇನ್ನು ಲೆಕ್ಕಪತ್ರದ ಮಾತು. ರೂಟರ್, ಸ್ವಿಚ್ಚುಗಳು ಸವಕಳಿಗಾಗಿ ಗಣಕಯಂತ್ರದ ವರ್ಗಕ್ಕೆ ಸೇರುತ್ತವೆಯೇ ಎಂಬ ವಿವಾದದಲ್ಲಿ, ಗಣಕಯಂತ್ರದೊಂದಿಗೆ ಕೂಡಿ ಕೆಲಸ ಮಾಡುವಾಗ ಸೇರುತ್ತವೆ ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ನಿರ್ಣಯಿಸಿತು. ಆಗ ಶೇ. 60 ಇದ್ದ ಆ ವರ್ಗದ ದರ 2017-18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿಯಿತು. ಖರೀದಿಯ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದವರು ಅದೇ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಜಮೆಯೇ ಇಲ್ಲ. ಮಹಡಿಯ ಟಿವಿಗೆ ಎಳೆದ ಕೇಬಲಿನ ವೆಚ್ಚವನ್ನು ವ್ಯಾಪಾರದ ಖಾತೆಗೆ ಹಾಕದೆ ಮಾಲೀಕರ ಸ್ವಂತ ಖಾತೆಗೆ ಬರೆಯತಕ್ಕದ್ದು.