ಆಸ್ಪತ್ರೆಯ ಆಡಳಿತ

ಆಸ್ಪತ್ರೆ ಎಂದೊಡನೆ ನೆನಪಾಗುವವರು ವೈದ್ಯರು ಮತ್ತು ದಾದಿಯರು. ಆದರೆ ವೈದ್ಯರ ಪರಿಣತಿ ಫಲಿಸಬೇಕಾದರೆ ಔಷಧ, ರಕ್ತ, ನೀರು, ವಿದ್ಯುತ್ತು, ಶುಚಿಯಾದ ಹಾಸಿಗೆ ಇವೆಲ್ಲವೂ ಸಕಾಲದಲ್ಲಿ ಒದಗಬೇಕು. ಇವನ್ನು ಒದಗಿಸುವ ವಿದ್ಯೆಯೇ ಆಸ್ಪತ್ರೆ ಆಡಳಿತ.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಫ್ಲಾರೆನ್ಸ್ ನೈಟಿಂಗೇಲ್ ಅವರು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದರು. ಗಾಯಗಳಿಗಿಂತ ರೋಗಗಳೇ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡುವೆಂಬುದನ್ನು ಅವರು ಮುಂದೆ ಅಂಕಿ ಅಂಶಗಳಿಂದ ತೋರಿಸಿಕೊಟ್ಟರು. ಅಚ್ಚುಕಟ್ಟಿಲ್ಲದ ಆಸ್ಪತ್ರೆಯೇ ರೋಗದ ತವರಾಗಬಲ್ಲುದೆಂದು ಜಗತ್ತು ಅರಿಯಿತು.

ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾಯಿತು. ಮುಂದೆ ವಿಮ್ಸ್ ಎಂದು ಹೆಸರಾದ ಅದರ ಆಸ್ಪತ್ರೆಗೆ ಬ್ರೂಸ್‌ಪೇಟೆಯ ಕೂಲಿಕಾರ, ಕುರುಗೋಡಿನ ರೈತ, ಸಿರುಗುಪ್ಪದ ಗರ್ಭಿಣಿ ಎಲ್ಲರೂ ಬರುತ್ತಾರೆ. ಇಷ್ಟು ಜನರಿಗೆ ಹಾಸಿಗೆ ಒದಗಿಸುವುದು, ದಾಸ್ತಾನು ಮುಗಿಯುವ ಮೊದಲೇ ಔಷಧ ತರಿಸುವುದು, ಬಡವನ ಸರದಿ ತಪ್ಪದಂತೆ ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ. ಅದಕ್ಕೆ ವ್ಯಾಸಂಗ ಬೇಕು.

1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ನೀಡುತ್ತದೆ. ಲೆಕ್ಕಪತ್ರ, ಕಾನೂನು, ಸಿಬ್ಬಂದಿಯ ನಿರ್ವಹಣೆ ಮೊದಲಾದುವು ಇಂತಹ ವ್ಯಾಸಂಗದ ವಿಷಯಗಳು. ಕಡತದಲ್ಲಿ ಒಂದು ಸಾಲಾಗಿ ಕಾಣುವ ಹೆಸರು ಯಾವುದೋ ಮನೆಯ ಆಧಾರಸ್ತಂಭ ಎಂಬ ಅರಿವೇ ಈ ವಿದ್ಯೆಯ ತಿರುಳು.