ದವಡೆಗೆ ತಂತಿ ಕಟ್ಟಿಸಿಕೊಂಡು ಊರಿಗೆ ಬರುವವರಿಗೆ

ನಮ್ಮ ಕರಾವಳಿಯ ಹಿರೇಗುತ್ತಿ ಕಡೆಯವರು ದವಡೆಯ ಶಸ್ತ್ರಚಿಕಿತ್ಸೆಗೆ ಹೋಗುವುದು ಮಣಿಪಾಲ, ಮಂಗಳೂರಿಗೆ. ಇಲ್ಲವೇ ಧಾರವಾಡ, ಹುಬ್ಬಳ್ಳಿಗೆ. ಹುಬ್ಬಳ್ಳಿ ದಾರಿಯಾದರೆ ವಾಪಸು ಬರುವಾಗ ಸಾಮಾನ್ಯವಾಗಿ ಅರಬೈಲ್ ಘಟ್ಟ ಇಳಿಯಬೇಕಾಗುತ್ತದೆ. ತಿರುವುಗಳಲ್ಲಿ ವಾಂತಿ ಬರುವ ಅಭ್ಯಾಸ ನಿಮಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಮಾತ್ರೆ ಬರೆಸಿಕೊಳ್ಳಿ. ಹಲ್ಲು ಹಲ್ಲಿಗೆ ತಂತಿ ಬಿಗಿದಿರುವಾಗ ವಾಂತಿ ಬಂದರೆ ಮಲಗಬಾರದು. ಮುಂದಕ್ಕೆ ಬಾಗಿ ಕೂರಬೇಕು. ನೀರಾಗಿರುವುದೆಲ್ಲ ಹಲ್ಲಿನ ಸಂದಿಯಿಂದ ಹೊರಬರುತ್ತದೆ. ಉಸಿರು ಕಟ್ಟಿದರೆ ಮಾತ್ರ ತಂತಿ ಕತ್ತರಿಸುವುದು. ಯಾವ ತಂತಿ, ಎಲ್ಲಿ ಎಂದು ಮನೆಯವರೊಬ್ಬರು ಆಸ್ಪತ್ರೆಯಲ್ಲೇ ಕೇಳಿ ತಿಳಿದಿರಲಿ.

ಮುರಿದ ದವಡೆಗೆ ಸಾಮಾನ್ಯವಾಗಿ 4ರಿಂದ 6 ವಾರ ಈ ಕಟ್ಟು. ಪ್ಲೇಟು, ಸ್ಕ್ರೂ ಹಾಕಿದ್ದರೆ ಬರೀ ರಬ್ಬರ್ ಬ್ಯಾಂಡಿನಲ್ಲೇ ಮುಗಿಯಬಹುದು. ಊಟದ ಚಿಂತೆ ಅಷ್ಟು ಬೇಡ, ನಮ್ಮ ಕರಾವಳಿ ಅಡುಗೆ ಅರ್ಧ ನೀರೇ! ಆದರೆ ಬರೀ ಗಂಜಿ ತಿಳಿ ಕುಡಿದು ಕೂತರೆ ತೂಕ ಇಳಿಯುತ್ತದೆ. ಅದಕ್ಕೆ ತುಪ್ಪ ಬೆರೆಸಿ. ಬೇಳೆ ಕಟ್ಟು, ರಾಗಿ ಅಂಬಲಿ, ಹಾಲು, ಮುಳ್ಳಿಲ್ಲದಂತೆ ಸೋಸಿದ ಮೀನಿನ ಸಾರು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರೇಳು ಸಲ ಕುಡಿಯಿರಿ. ಕೆಳತುಟಿ ಜೋಮು ಹಿಡಿದಿದ್ದರೆ ಬಿಸಿ ಗೊತ್ತಾಗದೆ ಸುಟ್ಟೀತು, ಆರಿಸಿಕೊಳ್ಳಿ. ಪ್ರತಿ ಸಲವೂ ಬಾಯಿ ಮುಕ್ಕಳಿಸಿ, ಮಕ್ಕಳ ಬ್ರಷ್ಷಿನಿಂದ ಹಲ್ಲುಜ್ಜಿ. ಕವಳ, ಬೀಡಿ, ಸಾರಾಯಿ ಸುತರಾಂ ಬೇಡ.

ತಂತಿ ತೆಗೆದ ದಿನ ಬಾಯಿ ಪೂರ್ತಿ ತೆರೆಯದು, ಗಾಬರಿಯಾಗಬೇಡಿ. ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡಿ. ಚಕ್ಕುಲಿ ಕಡಿಯಲು ಡಾಕ್ಟರ್ ಒಪ್ಪುವವರೆಗೆ ಕಾಯಿರಿ.