ಗಂಧೆಗೆ ಹೆದರಿ ಊಟ ಬಿಡಬೇಡ

ಬದನೆಕಾಯಿ ಬಿಟ್ಟೆ, ಮೊಟ್ಟೆ ಬಿಟ್ಟೆ, ಈಗ ಹಾಲನ್ನೂ ಬಿಟ್ಟಿದ್ದೀಯಂತೆ. ಆದರೂ ರಾತ್ರಿಯಾದರೆ ಸೊಂಟ, ತೊಡೆಯ ಮೇಲೆ ಗಂಧೆ ಏಳುವುದು ನಿಂತಿಲ್ಲ ಅಲ್ಲವೇ? ಹಾಗೆ ನಿಲ್ಲುವುದೂ ಇಲ್ಲ ಮಗು. ಆರು ವಾರ ದಾಟಿದ ಪಿತ್ತದ ಗಂಧೆಗೆ ಹೆಚ್ಚಿನವರಲ್ಲಿ ತಿಂದದ್ದು ಕಾರಣವೇ ಅಲ್ಲ. ಚರ್ಮದೊಳಗಿನ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್ ಸುರಿಯುತ್ತವೆ. ಎಷ್ಟೋ ಸಲ ಅವನ್ನು ಕೆರಳಿಸುವುದು ನಮ್ಮ ಮೈಯ ರೋಗನಿರೋಧಕ ಶಕ್ತಿಯೇ. ಅದಕ್ಕೇ ಸಾವಿರಾರು ರೂಪಾಯಿಯ ಅಲರ್ಜಿ ಪರೀಕ್ಷೆಗೆ ಓಡಬೇಡ. ವೈದ್ಯರು ಥೈರಾಯ್ಡ್ ನೋಡೋಣ ಎಂದರೆ ಮಾಡಿಸು, ಅದಕ್ಕೆ ಅರ್ಥವಿದೆ.

ನೀನು ತಪ್ಪುತ್ತಿರುವುದು ಮಾತ್ರೆಯ ವಿಷಯದಲ್ಲಿ. ಗಂಧೆ ಎದ್ದ ಮೇಲೆ ನುಂಗುತ್ತೀಯ, ಇಳಿದರೆ ಡಬ್ಬಿಗೆ ಹಾಕುತ್ತೀಯ. ಲೆವೊಸೆಟಿರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್, ಯಾವುದೇ ಇರಲಿ, ಮೈ ಶುಭ್ರವಾಗಿದ್ದ ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಹಿಸ್ಟಮಿನ್ ಬರುವ ಮೊದಲೇ ಬಾಗಿಲು ಹಾಕಿಟ್ಟ ಹಾಗೆ. ಒಂದು ಮಾತ್ರೆ ಸಾಲದಿದ್ದರೆ ನಾಲ್ಕು ಪಟ್ಟಿನವರೆಗೆ ಏರಿಸುವುದುಂಟು, ಆದರೆ ಆ ನಿರ್ಧಾರ ವೈದ್ಯರದ್ದು, ನಿನ್ನದಲ್ಲ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದಿದೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಆದರೆ ಬೇರೇನೂ ಕೈಹಿಡಿಯದವರಲ್ಲಿ ಎಷ್ಟೋ ಜನರಿಗೆ ನಿದ್ದೆ ಮರಳಿಸಿದೆ. ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಮಾತ್ರೆ ಮಾತ್ರ ಬೇಡ. ಎರಡು ದಿನ ಸ್ವರ್ಗ, ಬಿಟ್ಟ ಕೂಡಲೇ ಗಂಧೆ ಮತ್ತೆ ಹಾಜರ್. ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ.

ವೈದ್ಯರ ಮುಂದೆ ಕೂರುವ ಹೊತ್ತಿಗೆ ಗಂಧೆ ಮಾಯವಾಗಿರುತ್ತದೆ, ಅದರ ಗುಣವೇ ಅದು. ಎದ್ದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡು. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ನೋಡು: ನಾಳೆ ಈ ಹೊತ್ತಿಗೆ ಗೆರೆ ಉಳಿದಿರುತ್ತದೆ, ಗಂಧೆ ಇರುವುದಿಲ್ಲ. 24 ಗಂಟೆ ಕಳೆದರೂ ಅಲ್ಲೇ ಇದ್ದು ಉರಿದರೆ, ಹೋದಮೇಲೂ ಕಂದು ಕಲೆ ಉಳಿದರೆ, ಅದು ಬೇರೆ ಕಾಯಿಲೆ ಇರಬಹುದು, ತೋರಿಸಲೇಬೇಕು. ದಿನದಿನದ ನವೆಗೆ 0ಯಿಂದ 3, ಗಂಧೆಗಳ ಸಂಖ್ಯೆಗೆ 0ಯಿಂದ 3 ಅಂಕ ಹಾಕಿ ವಾರಕ್ಕೊಮ್ಮೆ ಕೂಡಿಸು. ಹೆಚ್ಚೆಂದರೆ 42. ಮದ್ದು ಏರಿಸುವುದೋ ಇಳಿಸುವುದೋ ಎಂದು ವೈದ್ಯರು ನೋಡುವುದೂ ಈ ಲೆಕ್ಕವನ್ನೇ.

ನವೆ ಹತ್ತಿದಾಗ ಒದ್ದೆ ಬಟ್ಟೆ ಇಡು, ಕ್ಯಾಲಮೈನ್ ಹಚ್ಚು. ಸುಡುನೀರಿನ ಸ್ನಾನ, ಬಿಗಿ ಲಾಡಿ, ಬಿಗಿ ಸಾಕ್ಸ್ ಬಿಡು. ಅಜ್ಜಿ ಪುನರ್ಪುಳಿ ಸಾರು ಕೊಟ್ಟರೆ ಮಾತ್ರೆಯ ಜೊತೆಗೆ ಅದೂ ಇರಲಿ, ರುಚಿಯಾಗಿರುತ್ತದೆ. ಕಂಬಳಿಯಿಂದ ಉಜ್ಜಲು ಬಂದರೆ ಮಾತ್ರ ಓಡು! ಉಜ್ಜಿದಷ್ಟೂ ಏಳುತ್ತದೆ. ತಲೆನೋವೆಂದು ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡ, ಕೆಲವರಲ್ಲಿ ಅವೇ ಗಂಧೆಯನ್ನು ಕೆರಳಿಸುತ್ತವೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಗ್ಗುತ್ತದೆ.

ಬೆಳಿಗ್ಗೆ ತುಟಿ, ಕಣ್ಣುರೆಪ್ಪೆ ಊದಿದ್ದರೆ ಗಾಬರಿ ಬೇಡ, ಅದೂ ಇದರದೇ ಕೂಸು, ವೈದ್ಯರಿಗೆ ಹೇಳಿದರಾಯಿತು. ನಾಲಿಗೆ ದಪ್ಪವಾಯಿತು, ಧ್ವನಿ ಬದಲಾಯಿತು, ಉಸಿರು ಕಟ್ಟಿತು ಅನ್ನಿಸಿದರೆ ಮಾತ್ರ ಮಾತ್ರೆ ನುಂಗಿ ಕಾಯಬೇಡ. ಯಾರನ್ನಾದರೂ ಎಬ್ಬಿಸು, 108ಕ್ಕೆ ಫೋನ್ ಮಾಡಿಸು. ನಡುರಾತ್ರಿಯಾದರೂ ಸಂಕೋಚಪಡಬೇಡ.